ಫ್ಯಾನ್ ಕ್ಲಚ್ ಕೆಟ್ಟಿದೆಯೇ? ಮೊದಲು ಕೈಯಲ್ಲಿ ತಿರುಗಿಸಿ ನೋಡಿ

ಲೋಡ್ ಹೊತ್ತು ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರಿ, ಸಮತಟ್ಟು ರಸ್ತೆಯಲ್ಲಿ ವೇಗ ಹಿಡಿದಾಗ ಇಳಿಯುತ್ತಿದ್ದರೆ ಫ್ಯಾನ್ ಕ್ಲಚ್ (ಬಿಸಿಗೆ ತಕ್ಕಂತೆ ರೇಡಿಯೇಟರ್ ಫ್ಯಾನನ್ನು ಎಂಜಿನ್‌ಗೆ ಜೋಡಿಸಿ ಬಿಡಿಸುವ ಭಾಗ) ಮೇಲೆ ಅನುಮಾನಪಡಿ. ಅದಕ್ಕೂ ಮೊದಲು ಕೂಲೆಂಟ್ ಮಟ್ಟ, ಬೆಲ್ಟ್ ಬಿಗಿ, ರೇಡಿಯೇಟರ್ ಜಾಲರಿಯ ಧೂಳು ನೋಡಿಬಿಡಿ. ಎಷ್ಟೋ ಒಳ್ಳೆಯ ಕ್ಲಚ್‌ಗಳು ಸುಮ್ಮನೆ ಬದಲಾಗುತ್ತವೆ.

ವಿಸ್ಕಸ್ ಕ್ಲಚ್ (ಒಳಗಿನ ದಪ್ಪ ಎಣ್ಣೆಯ ಹಿಡಿತದಿಂದ ಫ್ಯಾನ್ ತಿರುಗಿಸುವಂಥದ್ದು) ಆದರೆ, ಬಿಸಿ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆದರೆ ಸರಿ. ತಡೆಯಿಲ್ಲದೆ ಹಲವು ಸುತ್ತು ಗಿರ್ರನೆ ಓಡಿದರೆ ಒಳಗಿನ ಸಿಲಿಕೋನ್ ಆಯಿಲ್ ಸೋರಿಹೋಗಿರಬಹುದು. ಮುಂಭಾಗದ ಬೈಮೆಟಲ್ ಸ್ಪ್ರಿಂಗ್ (ಬಿಸಿ ಗುರುತಿಸುವ ಸುರುಳಿ) ಸುತ್ತ ಎಣ್ಣೆ ಮೆತ್ತಿದ ಧೂಳು ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. ಫ್ಯಾನ್ ರೆಕ್ಕೆ ತುದಿ ಹಿಂದೆಮುಂದೆ ಹೆಚ್ಚು ಅಲುಗಾಡಿದರೆ ಬೇರಿಂಗ್ ಸವೆದಿದೆ, ಗಾಡಿ ಓಡಿಸಬೇಡಿ: ಫ್ಯಾನ್ ರೇಡಿಯೇಟರನ್ನೇ ಸೀಳಬಹುದು.

ತಣ್ಣಗಿನ ಸ್ಟಾರ್ಟ್‌ನಲ್ಲಿ ಫ್ಯಾನ್ ಒಂದೆರಡು ನಿಮಿಷ ಭೋರ್ಗರೆದರೆ ಚಿಂತೆ ಬೇಡ. ಸದ್ದು ನಿಲ್ಲದೇ ಇದ್ದರೆ ಕ್ಲಚ್ ಜಾಮ್ ಆಗಿದೆ, ಡೀಸೆಲ್ ವ್ಯರ್ಥ. ಹೊಸ ಕ್ಲಚ್ ತಂದರೆ ಅದನ್ನು ಮಲಗಿಸಿಡದೆ ನೆಟ್ಟಗೆ ನಿಲ್ಲಿಸಿಡಿ.