ದೆಹಲಿ ಚಳಿಗೆ ಅಪ್ಪ-ಅಮ್ಮ ಬರುವುದಾದರೆ

ಡಿಸೆಂಬರ್, ಜನವರಿಯಲ್ಲಿ ನೋಯ್ಡಾ, ಗುರುಗ್ರಾಮ, ದ್ವಾರಕಾ ಕಡೆಯ ಮಕ್ಕಳ ಮನೆಗೆ ಮೈಸೂರು, ಹಾಸನ, ಧಾರವಾಡದಿಂದ ಹಿರಿಯರು ಬರುತ್ತಾರೆ. ಸ್ವೆಟರ್, ಮಫ್ಲರ್, ಉಣ್ಣೆಯ ಕಾಲುಚೀಲ ಎಲ್ಲ ಕಟ್ಟಿಕೊಂಡೇ ಬರುತ್ತಾರೆ. ದಿನಚರಿ ಮಾತ್ರ ಊರಿನದೇ: ಐದೂವರೆಗೆ ಎದ್ದು ಕಿಟಕಿ ತೆರೆಯಬೇಕು, ಆರಕ್ಕೆ ವಾಕಿಂಗ್ ಹೊರಡಬೇಕು. ದೆಹಲಿಯಲ್ಲಿ ಅತಿ ಹೆಚ್ಚು ಚಳಿ ಇರುವುದೂ ಆ ಹೊತ್ತಿಗೇ, ಗಾಳಿ ತೀರಾ ಕೆಟ್ಟಿರುವುದೂ ಹೆಚ್ಚುಕಮ್ಮಿ ಆ ಹೊತ್ತಿಗೇ.

ಚಳಿಯ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ಅಂಟಿಕೊಂಡ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕೂರುತ್ತದೆ. ಬೇಸಿಗೆಯ ಮಧ್ಯಾಹ್ನ ಎರಡು-ಮೂರು ಕಿಲೋಮೀಟರ್ ಎತ್ತರದವರೆಗೆ ಹರಡಿಹೋಗುವ ಹೊಗೆ, ಚಳಿಗಾಲದ ರಾತ್ರಿ ಕೆಲವು ನೂರು ಮೀಟರ್ ಒಳಗೇ ಸಿಕ್ಕಿಬೀಳುತ್ತದೆ. ಅದು ಸಾಲದೆಂಬಂತೆ, ಚಳಿ ಮತ್ತು ತೇವದಲ್ಲಿ ಅಮೋನಿಯಾ, ನೈಟ್ರೋಜನ್ ಆಕ್ಸೈಡ್‌ನಂಥ ಅನಿಲಗಳಿಂದ ಹೊಸದಾಗಿ ಸೂಕ್ಷ್ಮ ಕಣಗಳೂ ಹುಟ್ಟುತ್ತವೆ. ಕೊಯ್ಲಿನ ಕೂಳೆ ಸುಡುವುದು ನವೆಂಬರ್‌ನಲ್ಲೇ ಮುಗಿದರೂ ಜನವರಿಯಲ್ಲಿ ಉಸಿರು ಕಟ್ಟುವುದು ಹೀಗೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಸಾವಿರಾರು ಜನರನ್ನು ಕೊಂದದ್ದೂ ಇದೇ ಜೋಡಿ, ಚಳಿ ಮತ್ತು ಅದರಡಿ ಸಿಕ್ಕಿಬಿದ್ದ ಕಲ್ಲಿದ್ದಲಿನ ಹೊಗೆ.

ದೇಹದ ಒಳಗೂ ಇವೆರಡು ಕೈಜೋಡಿಸುತ್ತವೆ. ಚಳಿಗೆ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಮೂತ್ರ ಹೆಚ್ಚಾಗಿ ರಕ್ತ ತುಸು ಗಟ್ಟಿಯಾಗುತ್ತದೆ. ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು, ಶ್ವಾಸಕೋಶದ ಗಾಳಿಚೀಲದವರೆಗೂ ಇಳಿದು ಉರಿಯೂತ ಎಬ್ಬಿಸುತ್ತವೆ, ರಕ್ತ ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಿಸುತ್ತವೆ. ಹೃದಯಕ್ಕೆ ಕೆಲಸ ಹೆಚ್ಚಾದ ಹೊತ್ತಿನಲ್ಲೇ ಅದರ ರಕ್ತನಾಳ ಕಟ್ಟಿಕೊಳ್ಳುವ ಸಾಧ್ಯತೆಯೂ ಹೆಚ್ಚುತ್ತದೆ. ಉಸಿರಾಟದ ಕಥೆಯೂ ಹಾಗೇ. ತಣ್ಣನೆಯ ಒಣ ಗಾಳಿಗೆ ಶ್ವಾಸನಾಳ ಕಿರಿದಾಗುತ್ತದೆ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳ ಚಲನೆ ನಿಧಾನವಾಗುತ್ತದೆ, ಒಳಹೋದ ಕಣ ಮತ್ತು ವೈರಸ್ ಅಲ್ಲೇ ಉಳಿಯುತ್ತವೆ. ಚಳಿ ತಗ್ಗಿತೆಂದು ನಿಶ್ಚಿಂತರಾಗಬೇಡಿ, ಅದರ ಪರಿಣಾಮ ಎಷ್ಟೋ ದಿನ ಬೆನ್ನುಹತ್ತಿ ಬರುತ್ತದೆ.

ವಾಕಿಂಗ್ ನಿಲ್ಲಿಸುವುದು ಬೇಡ, ಹೊತ್ತು ಬದಲಿಸಿ. ಸಾಮಾನ್ಯವಾಗಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಿಸಿಲು ನೆಲ ಕಾಯಿಸಿ ಹೊಗೆಯನ್ನು ಮೇಲಕ್ಕೆ ಎತ್ತಿರುತ್ತದೆ. ಹತ್ತು-ಹದಿನೈದು ನಿಮಿಷ ಕಿಟಕಿ ತೆರೆಯಲೂ ಅದೇ ಸರಿಯಾದ ಸಮಯ. ಫೋನಿನಲ್ಲಿ ನೋಡುವಾಗ ಒಂದು ಎಚ್ಚರ: ಎಕ್ಯೂಐ ಎಂಬುದು ಗಾಳಿಯ ಗುಣಮಟ್ಟದ ಸೂಚ್ಯಂಕ, ಮೈಕ್ರೋಗ್ರಾಂ ಲೆಕ್ಕವಲ್ಲ. ಭಾರತದ ಅಳತೆಯಲ್ಲಿ ಪಿಎಂ 2.5 ಘನ ಮೀಟರಿಗೆ 120 ಮೈಕ್ರೋಗ್ರಾಂ ಇದ್ದರೆ ಸೂಚ್ಯಂಕ 300, 250 ಇದ್ದರೆ 400. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿ 24 ಗಂಟೆಗಳ ಸರಾಸರಿ, ಈ ಗಳಿಗೆಯದಲ್ಲ. ಹೊರಗೆ ಹೋಗುವ ಮುನ್ನ ನಿಮಗೆ ಬೇಕಾದ್ದು ಹತ್ತಿರದ ಕೇಂದ್ರದ ಆ ಗಂಟೆಯ ಪಿಎಂ 2.5.

ಮಫ್ಲರ್ ಮೂಗಿಗೆ ಸುತ್ತಿದರೆ ಚಳಿ ತಡೆಯುತ್ತದೆ, ಈ ಕಣಗಳನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಎರಡಕ್ಕೂ ಆಗುತ್ತದೆ, ಉಸಿರಿನ ಬಿಸಿ-ತೇವವನ್ನು ಸ್ವಲ್ಪ ಹಿಡಿದಿಟ್ಟು ಒಳಹೋಗುವ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಹಾಕುವಾಗ ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈಬೆರಳಿಂದ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ. ಕನ್ನಡಕ ಮಂಜಾದರೆ ಅಥವಾ ಕಣ್ಣ ಕೆಳಗೆ ಗಾಳಿ ತಾಗಿದರೆ ಮೇಲ್ಗಡೆ ಸೋರುತ್ತಿದೆ ಎಂದರ್ಥ. ಗಡ್ಡದ ಮೇಲೆ ಯಾವ ಮಾಸ್ಕೂ ಸರಿಯಾಗಿ ಕೂರದು. ಒಳಗೆ ಒದ್ದೆಯಾದರೆ ಬದಲಿಸಬೇಕು, ತೊಳೆಯಬಾರದು. ಸಿಓಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ಎನ್95ನಲ್ಲಿ ಉಸಿರಾಡುವುದು ಕಷ್ಟವಾದರೆ ಬಲವಂತ ಬೇಡ, ಆ ದಿನ ಮನೆಯೊಳಗೇ ಇರಲಿ.

ಮನೆಯೊಳಗೆ ಇನ್ನೊಂದು ಇಕ್ಕಟ್ಟು. ಚಳಿಗೆಂದು ಕಿಟಕಿ ಬಾಗಿಲು ಮುಚ್ಚುತ್ತೇವೆ, ಮುಚ್ಚಿದ ಕೋಣೆಯಲ್ಲಿ ಏನು ಉರಿಸಿದರೂ ಅದು ಹೊರಹೋಗುವುದಿಲ್ಲ. ಅಂಗೀಠಿಯನ್ನು, ಅಂದರೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು, ಮಲಗುವ ಕೋಣೆಗೆ ತರಲೇಬಾರದು. ಅದರಿಂದ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದಾಗ ಜನ ಚಳಿಯಿಂದಲೇ ಎಂದುಕೊಂಡು ಇನ್ನೊಂದು ರಗ್ಗು ಹೊದೆಯುತ್ತಾರೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಹೀಗೆ ಸಾವುಗಳಾಗುತ್ತವೆ. ಸ್ನಾನದ ಮನೆಯೊಳಗಿನ ಗ್ಯಾಸ್ ಗೀಸರ್‌ನದೂ ಇದೇ ಅಪಾಯ, ಅದನ್ನು ಹೊರಗಿನ ಗೋಡೆಗೆ ಸ್ಥಳಾಂತರಿಸಿ. ಏರ್ ಪ್ಯೂರಿಫೈಯರ್ ಈ ಅನಿಲವನ್ನು ತೆಗೆಯುವುದಿಲ್ಲ.

ಹೀಟರ್ ಎಂದರೆ ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರೇ ಇರಲಿ. 2000 ವಾಟ್‌ನದು ಸುಮಾರು 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್ ಸಾಕೆಟ್ಟಿಗೋ ಎಕ್ಸ್‌ಟೆನ್ಷನ್ ಬಾಕ್ಸಿಗೋ ಹಾಕಿದರೆ ಪ್ಲಗ್ ಕರಗಬಹುದು. 16 ಆಂಪಿಯರ್ ಪಾಯಿಂಟಿಗೇ ಹಾಕಿ. ವಯಸ್ಸಾದವರಿಗೆ ಚಳಿಯಾಗುತ್ತಿರುವುದು ಬೇಗ ಗೊತ್ತಾಗುವುದಿಲ್ಲ, ಆದ್ದರಿಂದ ಕೋಣೆಯಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 18 ಡಿಗ್ರಿಗಿಂತ ಕೆಳಗೆ ಇಳಿಯಬಾರದು.

ಪ್ಯೂರಿಫೈಯರ್ ಕೊಳ್ಳುವಾಗ ಜಾಹೀರಾತಿನ ಚದರಡಿ ಬಿಟ್ಟು ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿ, ನೋಡಿ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾತ್ರ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಬೇಕೆಂದರೆ ಸಿಎಡಿಆರ್ 205 ಆದರೂ ಬೇಕು. ಅದೂ ನೀವು ನಿಜವಾಗಿ ಓಡಿಸುವ ವೇಗದಲ್ಲಿ. ಸದ್ದಿಗೆ ಬೇಸತ್ತು ರಾತ್ರಿ ಸ್ಲೀಪ್ ಮೋಡ್‌ಗೆ ಹಾಕಿದರೆ ಅದರ ಅರ್ಧವೂ ಸಿಗುವುದಿಲ್ಲ, ಹಾಗಾಗಿ ಲೆಕ್ಕಕ್ಕಿಂತ ದೊಡ್ಡದನ್ನೇ ತನ್ನಿ. ಅದೇ ಕೋಣೆಯಲ್ಲಿ ಊದುಬತ್ತಿ, ಧೂಪ ಹಚ್ಚಿದರೆ ಅಷ್ಟೂ ವ್ಯರ್ಥ. ದೇವರಿಗೆ ಒಂದು ಪುಟ್ಟ ದೀಪ ಸಾಕು ಎಂದು ಅಮ್ಮನಿಗೆ ಒಪ್ಪಿಸಿ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿ. ಗಾಳಿ ಒಣಗಿದೆಯೆಂದು ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್‌ಗೆ ಗಡಸು ನಲ್ಲಿನೀರು ತುಂಬಬೇಡಿ, ಅದರ ಲವಣಗಳೇ ಸೂಕ್ಷ್ಮ ಧೂಳಾಗಿ ತೇಲುತ್ತವೆ.

ಹೊರಡುವ ಮೊದಲು ಊರಿನ ಡಾಕ್ಟರನ್ನು ಒಮ್ಮೆ ಕಾಣಲಿ. ಫ್ಲೂ ಲಸಿಕೆಗೆ ಎರಡು ವಾರವಾದರೂ ಮುಂಚೆ ಹೋಗಬೇಕು, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯನ್ನೂ ಕೇಳಿ. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ-ಸಂಜೆ ಬಿಪಿ ಬರೆದಿಡಿ. ಏರಿದ್ದರೆ ಮಾತ್ರೆಯನ್ನು ನೀವೇ ಹೆಚ್ಚಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಇನ್‌ಹೇಲರ್ ತಣ್ಣಗಾಗಿದ್ದರೆ ಔಷಧ ಸರಿಯಾಗಿ ಚಿಮ್ಮುವುದಿಲ್ಲ, ಒಳಜೇಬಿನಲ್ಲಿ ಇಟ್ಟುಕೊಳ್ಳಲಿ, ಬಳಸುವ ಮುನ್ನ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಲಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಣ್ಣನೆ ಬೆವರು, ಮಾತು ತೊದಲುವುದು ಕಂಡರೆ ಕಷಾಯ ಕುಡಿಸುತ್ತಾ ಕಾಯಬೇಡಿ, ತಕ್ಷಣ 112ಕ್ಕೆ ಕರೆ ಮಾಡಿ.

ಇತ್ತೀಚೆಗೆ ಹೃದಯಾಘಾತ ಆದವರು, ಮನೆಯಲ್ಲೇ ಆಮ್ಲಜನಕ ಬಳಸುವವರು ಈ ವಾರಗಳಲ್ಲಿ ದೆಹಲಿಗೆ ಬರುವುದೇ ಬೇಡ. ಟಿಕೆಟ್ಟನ್ನು ಮಾರ್ಚ್‌ಗೆ ಬದಲಿಸಿ.