ನೂರನೇ ಪಂದ್ಯಕ್ಕೆ ನಾವೂ ಹೋದೆವು

2,569. ಈ ಸಂಖ್ಯೆ ನನಗಿನ್ನೂ ಬಾಯಿಪಾಠ. 2018ರ ಜೂನ್ 1ರ ರಾತ್ರಿ ಅಂಧೇರಿಯ ಮುಂಬೈ ಫುಟ್‌ಬಾಲ್ ಅರೀನಾಕ್ಕೆ ಬಂದಿದ್ದ ಜನ ಅಷ್ಟೇ. ಭಾರತ ಚೈನೀಸ್ ತೈಪೆಯನ್ನು, ಅಂದರೆ ತೈವಾನ್ ತಂಡವನ್ನು, 5-0ರಿಂದ ಸೋಲಿಸಿತ್ತು. ನಾಯಕ ಸುನಿಲ್ ಛೆಟ್ರಿ ಮೂರು ಗೋಲುಗಳ ಹ್ಯಾಟ್ರಿಕ್ ಹೊಡೆದಿದ್ದರು. ನಾನು ಆಗ ಅದೇ ಊರಿನಲ್ಲಿ ಕೆಲಸದಲ್ಲಿದ್ದೆ, ಆದರೂ ಹೋಗಿರಲಿಲ್ಲ.

ಆ ಟೂರ್ನಿಗೆ ಇಂಟರ್‌ಕಾಂಟಿನೆಂಟಲ್ ಕಪ್ ಅಂತ ಹೆಸರು ದೊಡ್ಡದು. ಆಡಿದ್ದು ನಾಲ್ಕೇ ತಂಡಗಳು. ಕೀನ್ಯಾ ಮತ್ತು ನ್ಯೂಜಿಲೆಂಡ್ ಉಳಿದೆರಡು. ಮುಂದಿನ ಜನವರಿಯ ಏಷ್ಯನ್ ಕಪ್‌ಗೆ ನಮ್ಮವರ ತಯಾರಿ ಅದು. ಸುಮ್ನೆ ಅಭ್ಯಾಸದ ಪಂದ್ಯಗಳು ಅಂದುಕೊಂಡು ಬಿಟ್ಟಿದ್ದೆ.

ಮರುದಿನ ಛೆಟ್ರಿಯ ವಿಡಿಯೊ ಬಂತು. ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬಂದು ಎದುರಿಗೇ ಬೈಯಿರಿ ಅನ್ನೋ ಅರ್ಥದ ಮಾತು. ಕಂಠೀರವದಲ್ಲಿ ಛೆಟ್ರಿಯ ಕ್ಲಬ್ ಬೆಂಗಳೂರು ಎಫ್‌ಸಿ ಪಂದ್ಯಗಳಿಗೆ ಗಂಟಲು ಕಟ್ಟುವಷ್ಟು ಕೂಗಿದವನು ನಾನು. ನಮ್ಮ ನಾಯಕ ಹೀಗೆ ಜನರನ್ನು ಬೇಡಬೇಕಾಯಿತಲ್ಲ ಅಂತ ಹೊಟ್ಟೆಯೊಳಗೆ ಸಂಕಟ ಆಯಿತು. ತಮ್ಮನಿಗೆ ಹೇಳಿದೆ, "ಸೋಮವಾರ ಹೋಗ್ತಿದ್ದೀವಿ." ಅವನು ಆಗಲೇ ಟಿಕೆಟ್ ಹುಡುಕುತ್ತಿದ್ದ. ಸಿಕ್ಕಿದ್ದು ಅದೃಷ್ಟ. ಆಮೇಲೆ ಎಲ್ಲ ಖಾಲಿ.

ಜೂನ್ 4. ಎದುರಾಳಿ ಕೀನ್ಯಾ. ಛೆಟ್ರಿಗೆ ದೇಶದ ಪರ ನೂರನೇ ಪಂದ್ಯ. ಅವರಿಗಿಂತ ಮೊದಲು ನೂರು ಮುಟ್ಟಿದ್ದ ಭಾರತೀಯ ಬೈಚುಂಗ್ ಭುಟಿಯಾ ಒಬ್ಬರೇ. ಆಟಕ್ಕೆ ಮೊದಲು ಭುಟಿಯಾ, ಐ.ಎಂ. ವಿಜಯನ್ ಇಬ್ಬರೂ ಮೈದಾನಕ್ಕೆ ಬಂದು ಛೆಟ್ರಿಯನ್ನು ಸನ್ಮಾನಿಸಿದರು. ಮೂರು ಕಾಲದ ಸ್ಟ್ರೈಕರ್‌ಗಳು ಒಂದೇ ಹುಲ್ಲಿನ ಮೇಲೆ!

ಮಳೆ ಅಂದರೆ ಮುಂಬೈ ಮಳೆ. ನಾವಿಬ್ಬರೂ ಒಳಬಟ್ಟೆವರೆಗೂ ನೆನೆದಿದ್ದೆವು. ಒಬ್ಬರೂ ಎದ್ದು ಹೋಗಲಿಲ್ಲ. ಪಾಸ್ ಕೊಟ್ಟ ಚೆಂಡು ನೀರಿನಲ್ಲಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆಟಗಾರ ಓಡಿ ಮುಂದೆ ಹೋಗಿರುತ್ತಿದ್ದ, ಚೆಂಡು ಹಿಂದೆ ಉಳಿದಿರುತ್ತಿತ್ತು. ಅಂಥ ನೆಲದಲ್ಲಿ ಚಿಕ್ಕ ಪಾಸ್ ನಡೆಯಲ್ಲ, ಎತ್ತಿ ಹೊಡೆಯಲೇಬೇಕು. ಮೊದಲರ್ಧದಲ್ಲಿ ಗೋಲಿಲ್ಲ. "ಅಣ್ಣ, ಇವತ್ತು ಡ್ರಾ ಆಗಿಬಿಡುತ್ತಾ?" ಅಂತ ತಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

68ನೇ ನಿಮಿಷ, ಪೆನಾಲ್ಟಿ. ಛೆಟ್ರಿ ಚೆಂಡಿಟ್ಟು ಹಿಂದೆ ಸರಿದರು. ಇಡೀ ಸ್ಟ್ಯಾಂಡ್ ಉಸಿರು ಬಿಗಿಹಿಡಿಯಿತು, ಮಳೆ ಸದ್ದು ಮಾತ್ರ. ಚೆಂಡು ಬಲೆಗೆ ಬಿದ್ದದ್ದು ನಾನು ಸರಿಯಾಗಿ ನೋಡಲೇ ಇಲ್ಲ. ಪಕ್ಕದಲ್ಲಿದ್ದ ಅಪರಿಚಿತ ಹಿರಿಯರೊಬ್ಬರು ನನ್ನನ್ನು ತಬ್ಬಿಕೊಂಡಿದ್ದರು. ಮೂರು ನಿಮಿಷದಲ್ಲಿ ನಮ್ಮ ಇನ್ನೊಬ್ಬ ಸ್ಟ್ರೈಕರ್ ಜೇಜೆ ಇನ್ನೊಂದು ಹೊಡೆದರು. ಕೊನೆಗೆ, 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ ಮತ್ತೆ ಛೆಟ್ರಿ. 3-0.

ಟಿವಿಯಲ್ಲಿ ಆಟ ಇನ್ನೂ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಹಿರಿಯರ ಒದ್ದೆ ಶರ್ಟು ಟಿವಿಯಲ್ಲಿ ಸಿಗಲ್ಲ ಅಲ್ವಾ?

ಮೂರು ದಿನದ ಮೇಲೆ ನಮ್ಮವರು ನ್ಯೂಜಿಲೆಂಡ್ ಎದುರು 2-1ರಿಂದ ಸೋತರು. ಜೂನ್ 10ರ ಫೈನಲ್‌ನಲ್ಲಿ ಮತ್ತೆ ಕೀನ್ಯಾ. 2-0, ಎರಡೂ ಛೆಟ್ರಿಯದೇ. ದೇಶದ ಪರ 64 ಗೋಲುಗಳೊಂದಿಗೆ ಅವತ್ತಿಗೆ ಮೆಸ್ಸಿಯ ಸಮಕ್ಕೆ ನಿಂತರು.

ಆ ನೂರನೇ ಪಂದ್ಯದ ರಾತ್ರಿ ಆಟ ಮುಗಿದ ಮೇಲೂ ನಾವು ತುಂಬಾ ಹೊತ್ತು ಸೀಟು ಬಿಟ್ಟು ಏಳಲಿಲ್ಲ.