ನಿಮ್ಮ ಪುಸ್ತಕ ಯಾವಾಗ ಬರುತ್ತೆ?

"ಬೇರೆಯವರ ಪುಸ್ತಕದ ಮೇಲೆ ಬರೀತಾನೇ ಇರ್ತೀರಲ್ಲ, ನಿಮ್ಮದು ಯಾವಾಗ ಬರುತ್ತೆ?"

ಮದುವೆ ಮನೆಯ ಪಂಕ್ತಿಯಲ್ಲಿ, ಹಾಸನದ ಬಸ್ ನಿಲ್ದಾಣದಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬಂದಿದೆ. ಅವತ್ತು ಉತ್ತರ ಕೊಡದಿರಲು ಒಳ್ಳೆಯ ಕಾರಣವಿತ್ತು. ಉಳಿದ ದಿನಗಳಲ್ಲಿ "ಬರುತ್ತೆ, ಬರುತ್ತೆ" ಎಂದು ನಕ್ಕು ಜಾರಿಕೊಳ್ಳುತ್ತೇನೆ.

2025ರ ಮೇ ತಿಂಗಳಾದ ಮೇಲೆ ಪ್ರಶ್ನೆಯ ದನಿ ಸ್ವಲ್ಪ ಬದಲಾಗಿದೆ. ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅಲ್ಲಿಂದ ಹಾಸನದಲ್ಲಿ ಪೆನ್ನು ಹಿಡಿದವರೆಲ್ಲ ಅದೇ ಸಾಲಿನಲ್ಲಿ ನಿಂತಿದ್ದೇವೆ ಅಂತ ಜನರ ಲೆಕ್ಕ. "ಮುಂದಿನದು ನಿಮ್ಮದೇ" ಎಂದು ತರಕಾರಿ ಅಂಗಡಿಯವರು ಹೇಳಿದರು. ಬಹುಮಾನ ಬಂದ ಆ ಪುಸ್ತಕದ 12 ಕಥೆಗಳು 1990ರಿಂದ 2023ರ ನಡುವೆ ಬರೆದವು, ಹಿಂದೆ ಮೂವತ್ತು ಚಿಲ್ಲರೆ ವರ್ಷ ಇದೆ ಎಂದು ಅವರಿಗೆ ಹೇಳಬೇಕು ಅನ್ನಿಸಿತು. ಅವರು ಸೊಪ್ಪು ಕಟ್ಟುವ ಅವಸರದಲ್ಲಿದ್ದರು. ನಾನೂ ಸುಮ್ಮನಾದೆ.

ಈಗ ನಿಜವಾದ ಉತ್ತರ. ನನ್ನ ಪುಸ್ತಕ ಎರಡು ವರ್ಷದ ಹಿಂದೆಯೇ ಬರಬೇಕಿತ್ತು. ಬರದೇ ಇದ್ದದ್ದಕ್ಕೆ ವಿಮರ್ಶೆಯೇ ಕಾರಣ. ಆದರೆ ಸಮಯ ಸಾಲಲಿಲ್ಲ ಅಂತ ನೀವು ಅಂದುಕೊಂಡಿದ್ದರೆ ಅದು ತಪ್ಪು.

ಸಮಯದ ವಿಷಯ ಮೊದಲು ಮುಗಿಸಿಬಿಡೋಣ. ಹಗಲು ಲೆಕ್ಕಪತ್ರ ನೋಡುವ ಕೆಲಸ. ತಿಂಗಳಿಗೆ ಒಂದೆರಡು ಪುಸ್ತಕ ವಿಮರ್ಶೆಗೆ ಬರುತ್ತವೆ. 2024ರ ಡಿಸೆಂಬರ್‌ನಲ್ಲಿ ನೋಂದಾಯಿತ ಬುಕ್ ಪೋಸ್ಟ್ ನಿಂತ ಮೇಲೆ ಕಳಿಸುವವರಿಗೆ ಖರ್ಚು ಜಾಸ್ತಿ. ಹಾಗಾಗಿ ಕೆಲವರು ಪಿಡಿಎಫ್ ಕಳಿಸಿ "ಸುಮ್ನೆ ಒಂದು ಸಲ ಕಣ್ಣಾಡಿಸಿ" ಅನ್ನುತ್ತಾರೆ. 300 ಪುಟದ ಮೇಲೆ ಸುಮ್ನೆ ಕಣ್ಣಾಡಿಸುವ ವಿದ್ಯೆ ನನಗೆ ಬಂದಿಲ್ಲ. ಎರಡು ಸಲ ಓದುತ್ತೇನೆ, 400 ಪದ ಬರೆಯುತ್ತೇನೆ. ಬರುವ ಗೌರವಧನ ಒಂದು ವಾರದ ತರಕಾರಿಗೆ ಆಗುತ್ತದೆ. ಸ್ವಂತ ಪುಸ್ತಕದ ಲೆಕ್ಕ ಇದಕ್ಕಿಂತ ಘನವಾದದ್ದೇನಲ್ಲ. 200 ರೂಪಾಯಿಯ ಪುಸ್ತಕ 500 ಪ್ರತಿ ಅಚ್ಚಾಗಿ, ಶೇ 10 ರಾಯಲ್ಟಿ ಸಿಕ್ಕಿ, ಎಲ್ಲ ಪ್ರತಿಯೂ ಮಾರಾಟವಾದರೆ 10,000 ರೂಪಾಯಿ. ಎಷ್ಟು ವರ್ಷಕ್ಕೆ ಅಂತ ಮಾತ್ರ ಕೇಳಬೇಡಿ.

ವಿಮರ್ಶೆಗೆ ಗಡುವು ಇದೆ. ಗುರುವಾರ ಸಂಜೆ ಪತ್ರಿಕೆಯಿಂದ ಫೋನ್ ಬರುತ್ತದೆ. ಕಾದಂಬರಿ ಎಲ್ಲಿಗೆ ಬಂತು ಅಂತ ಯಾರೂ ಫೋನ್ ಮಾಡುವುದಿಲ್ಲ. ಅದರ ಫೈಲು ಹಾಸನಾಂಬೆಯ ಗುಡಿ ಬಾಗಿಲಿದ್ದ ಹಾಗೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಆ ಬಾಗಿಲು ತೆರೆಯುತ್ತಾರೆ, ಬಲಿಪಾಡ್ಯಮಿ ಕಳೆದು ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಹೂ ಬಾಡಿರುವುದಿಲ್ಲ ಅಂತ ನಮ್ಮೂರ ನಂಬಿಕೆ. ನನ್ನ ಫೈಲಿನಲ್ಲಿ ಅಂಥ ಪವಾಡ ನಡೆಯುವುದಿಲ್ಲ. ತೆರೆದಾಗ ಹೂ ಬಾಡಿರುತ್ತದೆ, ನೈವೇದ್ಯ ಹಳಸಿರುತ್ತದೆ. ಒಂದು ಸಲವಂತೂ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ತಂದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ನಾಯಕಿಯ ಹೆಸರನ್ನೇ ಓದಲಾಗಲಿಲ್ಲ.

ಆದರೂ 2023ರಲ್ಲಿ ಕರಡು ಮುಗಿದಿತ್ತು. 310 ಪುಟ. ಹೇಮಾವತಿಯ ಹಿನ್ನೀರಿನ ಕಥೆ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು, ನನ್ನ ಅಜ್ಜಿಯ ಊರು ಅದರ ನೀರಿನಡಿಗೆ ಹೋಯಿತು. ಹೊರಗಿನವರಿಗೆ ಆ ಕಡೆ ಗೊತ್ತಿರುವುದು ಶೆಟ್ಟಿಹಳ್ಳಿಯ ಚರ್ಚು ಮಾತ್ರ. ಮಳೆಗಾಲದಲ್ಲಿ ನೀರೊಳಗೆ ನಿಂತಿರುತ್ತದೆ, ಬೇಸಿಗೆಯಲ್ಲಿ ಅದರ ಬುಡದವರೆಗೆ ನಡೆದು ಹೋಗಬಹುದು. ಫೋಟೊಗೆ ಬರುವವರು ಬಹಳ. ಇದರ ಸುತ್ತ ಊರಿತ್ತಾ, ಗದ್ದೆಯಿತ್ತಾ ಎಂದು ಕೇಳುವವರು ಕಡಿಮೆ.

ಪ್ರಕಾಶಕರು ಒಪ್ಪಿದ್ದರು. ಬೆನ್ನುಡಿ ಯಾರಿಂದ ಬರೆಸೋಣ ಎನ್ನುವ ಮಾತೂ ನಡೆದಿತ್ತು. ಆಗ ವಿಮರ್ಶೆಗೆ ಒಂದು ಪುಸ್ತಕ ಬಂತು. ಹೊಸಬರು, ಮೊದಲ ಕಾದಂಬರಿ, ಕಾಫಿ ತೋಟದ ಕಥೆ. ಚೆನ್ನಾಗಿತ್ತು. ಆದರೆ ಪಾತ್ರಗಳು ಮಾತಾಡುತ್ತಾ ಮಾತಾಡುತ್ತಾ ಇದ್ದಕ್ಕಿದ್ದಂತೆ ಕೃಷಿ ಕೈಪಿಡಿ ಓದಲು ಶುರು ಮಾಡುತ್ತಿದ್ದವು. ಹೂಮಳೆಗೆ ಕಾಯುತ್ತಾ ಕೂತ ಮುದುಕರೊಬ್ಬರು ಅರೇಬಿಕಾಗೂ ರೊಬಸ್ಟಾಗೂ ಏನು ವ್ಯತ್ಯಾಸ ಅಂತ ಹೆಂಡತಿಗೆ ವಿವರಿಸುತ್ತಾರೆ. ನಲವತ್ತು ವರ್ಷ ಅದೇ ತೋಟದಲ್ಲಿ ಹಣ್ಣು ಕೊಯ್ದ ಹೆಂಡತಿಗೆ! ನಾನು ಬರೆದೆ: "ಮಾಹಿತಿ ಕಥೆಯ ಜೊತೆ ಬೆಂದಿಲ್ಲ, ಅನ್ನದಲ್ಲಿ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತದೆ." ಸಾಲು ನನಗೇ ಇಷ್ಟವಾಯಿತು. ಇಂಥ ಸಾಲು ಸಿಕ್ಕ ದಿನ ವಿಮರ್ಶೆ ಬರೆಯುವವರಿಗೆ ಒಂದು ಕೆಟ್ಟ ಖುಷಿ ಇರುತ್ತದೆ. ಸುಳ್ಳು ಯಾಕೆ ಹೇಳಲಿ?

ಅದು ಅಚ್ಚಾದ ವಾರವೇ ಆ ಲೇಖಕರು ಬೇಲೂರಿನ ಒಂದು ಕಾರ್ಯಕ್ರಮದಲ್ಲಿ ಸಿಕ್ಕರು. ಜಗಳಕ್ಕೆ ಬರಲಿಲ್ಲ. ಕಾಫಿ ತಂದುಕೊಟ್ಟು, "ಸರಿಯಾಗೇ ಹೇಳಿದ್ದೀರಿ. ಆದ್ರೆ ಕಲ್ಲು ಆರಿಸೋದು ಹೇಗೆ ಅಂತ ಹೇಳಲಿಲ್ವಲ್ಲ" ಅಂದರು. ಜಾಗ ಕಡಿಮೆ ಇತ್ತು ಅಂತ ಏನೋ ಗೊಣಗಿದೆ. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಅವತ್ತು ರಾತ್ರಿ ನನ್ನ ಕರಡು ತೆರೆದೆ. 47ನೇ ಪುಟದಲ್ಲಿ ನಾಯಕಿಯ ಅಪ್ಪ ಊರು ಬಿಡುವ ದಿನ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದಾನೆ. ನಿಂತು, ಜಲಾಶಯದ ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ 37.10 ಟಿಎಂಸಿ ಎಂದು ಹೆಂಡತಿಗೆ ಹೇಳುತ್ತಿದ್ದಾನೆ. ಓದಿ ನನಗೇ ನಗು ಬಂತು, ಆಮೇಲೆ ಮೈ ಬಿಸಿಯಾಯಿತು. ಅವನಿಗೆ ಗೊತ್ತಿದ್ದ ಮಟ್ಟವೇ ಬೇರೆ ಅಲ್ವಾ? ನೀರು ಹುಣಸೆ ಮರದವರೆಗೆ ಬಂತಾ, ಗುಡಿ ಮೆಟ್ಟಿಲು ಮುಟ್ಟಿತಾ. 2,922 ಅಡಿ ಪತ್ರಿಕೆಯಲ್ಲಿ ದಿನಾ ಬರುವ ಲೆಕ್ಕ. ಅದು ನನ್ನ ಲೆಕ್ಕ, ಅವನದಲ್ಲ.

ಎಣಿಸಿದೆ. ಅಂಥ ಜಾಗಗಳು 40. ಬೆಳಗಾದ ಮೇಲೆ ಪ್ರಕಾಶಕರಿಗೆ ಫೋನ್ ಮಾಡಿ ಹಸ್ತಪ್ರತಿ ವಾಪಸ್ ತೆಗೆದುಕೊಂಡೆ.

ತೆಗೆದುಹಾಕುವುದು ಸುಲಭ ಅಂದುಕೊಂಡಿದ್ದೆ. ತೆಗೆದ ಕಡೆಯೆಲ್ಲ ಗುಂಡಿ ಬಿತ್ತು. ಯಾಕೆಂದರೆ ನಾನು ಅಂಕಿಗಳನ್ನು ತಂದು ಸುರಿದದ್ದೇ ಗುಂಡಿ ಮುಚ್ಚಲು. ಪರಿಹಾರದ ಹಣ ಕೈಗೆ ಬಂದ ದಿನ ಅಜ್ಜ ಏನು ಮಾಡಿದರು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಯೋಜನೆಯ ವಿವರದ ಎರಡು ಪ್ಯಾರಾ ಇಟ್ಟಿದ್ದೆ. ಅಜ್ಜಿ ಈಗಿಲ್ಲ. ಆಲೂರಿನ ಹತ್ತಿರ ದೊಡ್ಡಮ್ಮ ಇದ್ದಾರೆ. ಹೋಗಿ ಕೇಳಿದೆ.

"ಏನ್ ಮಾಡ್ತಾರೆ, ಹೊಸ ಬೀಗ ತಂದ್ರು."

"ಮುಳುಗೋ ಮನೆಗೆ ಬೀಗ?"

"ಹೂಂ. ಹಾಕದೆ ಹೆಂಗ್ ಬರೋದು?"

ಎರಡು ಪ್ಯಾರಾದ ಜಾಗದಲ್ಲಿ ಆ ಬೀಗ ಕೂತಿತು. ಹೀಗೆ ಇಲ್ಲಿಯವರೆಗೆ 11 ಗುಂಡಿ ತುಂಬಿವೆ. ಇನ್ನೂ 29 ಇವೆ.

ಹಾಗಿದ್ದರೆ ವಿಮರ್ಶೆ ಬಿಟ್ಟು ಕೂತು ಬರೆಯಿರಿ ಅಂತ ಕೆಲವರು ಹೇಳುತ್ತಾರೆ. ಬಿಟ್ಟೂ ನೋಡಿದ್ದೇನೆ, ಐದು ತಿಂಗಳು. ಪುಟಗಳು ಬೇಗ ಬೇಗ ಬಂದವು. ಎಲ್ಲವೂ ನನಗೆ ಇಷ್ಟವಾದವು. ಹೆದರಿಕೆಯಾದದ್ದು ಅದಕ್ಕೇ. ಬೇರೆಯವರ ಕಲ್ಲು ಹಲ್ಲಿಗೆ ಸಿಗದ ದಿನಗಳಲ್ಲಿ ನನ್ನ ಕಲ್ಲನ್ನೂ ನಾನು ಆರಾಮಾಗಿ ನುಂಗುತ್ತಿದ್ದೆ. ಮತ್ತೆ ಪುಸ್ತಕ ತರಿಸಿಕೊಂಡೆ. ಇದರಲ್ಲಿ ಕಷ್ಟವಿಲ್ಲ ಅಂತಲ್ಲ. ಕೆಲವು ಬೆಳಗ್ಗೆ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಅದರ ಮೇಲಿನ ವಿಮರ್ಶೆ ತಲೆಯಲ್ಲಿ ಪೂರ್ತಿ ತಯಾರಾಗಿರುತ್ತದೆ. ಅಂಥ ದಿನ ಎದ್ದು ಹೋಗಿ ಪಾತ್ರೆ ತೊಳೆಯುತ್ತೇನೆ.

ಈಗ ತಿಂಗಳಿಗೆ ಒಂದೇ ವಿಮರ್ಶೆ ಅಂತ ಮಾಡಿಕೊಂಡಿದ್ದೇನೆ. ಬೆಳಗಿನ ಐದರಿಂದ ಏಳು ಕಾದಂಬರಿಗೆ. ಈ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದೊಡ್ಡಮ್ಮನನ್ನು ಕರೆದುಕೊಂಡು ಹೋಗಬೇಕು. ಮನೆಯ ಹೊಸಿಲು ಈಗಲೂ ಕಾಣುತ್ತದೆ ಅಂತ ಅವರ ವಾದ. ಭಾನುವಾರ ಬೇಡ, ಫೋಟೊದವರ ಗಲಾಟೆ ಅಂದಿದ್ದಾರೆ. ಹಾಗಾಗಿ ಬುಧವಾರ ರಜೆ ಹಾಕುತ್ತೇನೆ. ಗುರುವಾರ ಕಳಿಸಬೇಕಾದ ವಿಮರ್ಶೆಯನ್ನು ಮಂಗಳವಾರವೇ ಮುಗಿಸಿಕೊಳ್ಳಬೇಕು.